ಹೊಳೆಯ ಮೇಲೆ ಹಾಸಿದ ಕಲ್ಲು

ಸಿಂದಗಿಯಿಂದ ಅಫಜಲಪುರಕ್ಕೆ ಹೊರಟ ಬಸ್ಸು ಆಲಮೇಲ ದಾಟಿ ದೇವಣಗಾಂವ ಮುಟ್ಟಿದರೆ ಭೀಮಾ ಹೊಳೆ ಎದುರಾಗುತ್ತದೆ. ಈ ದಂಡೆ ವಿಜಯಪುರ ಜಿಲ್ಲೆ, ಆ ದಂಡೆ ಕಲಬುರಗಿ. ಸೇತುವೆಯ ಮೇಲೆ ಗಾಲಿ ಒಂದೊಂದು ಸಂದು ದಾಟುವಾಗಲೂ ಟಕ್ ಎಂದು ಸಣ್ಣ ಸದ್ದಾಗುತ್ತದೆ. ಕಿಟಕಿ ಪಕ್ಕ ಕೂತವರು ನೀರು ಎಷ್ಟಿದೆ ಎಂದು ಬಗ್ಗಿ ನೋಡುತ್ತಾರೆ, ಕೆಲವರು ಕೈ ಮುಗಿಯುತ್ತಾರೆ. ತಮ್ಮನ್ನು ಹೊತ್ತುಕೊಂಡಿರುವ ಕಾಂಕ್ರೀಟಿನ ಹಾಸನ್ನು ಯಾರೂ ನೋಡುವುದಿಲ್ಲ. ನೋಡಲು ಅಲ್ಲಿ ಏನೂ ಇದ್ದಂತೆಯೂ ಕಾಣುವುದಿಲ್ಲ. ಬೂದುಬಣ್ಣದ ಒಂದು ಚಪ್ಪಟೆ ಮೈ, ಅದರ ಮೇಲೆ ಡಾಂಬರು, ಅಷ್ಟೆ.

ಎಂಜಿನಿಯರುಗಳು ಇದನ್ನು ಡೆಕ್ ಎನ್ನುತ್ತಾರೆ, ಕೆಲಸದವರ ಬಾಯಲ್ಲಿ ಇದು ಸ್ಲ್ಯಾಬು. ನಾನಿಲ್ಲಿ ಹಾಸು ಎನ್ನುತ್ತೇನೆ. ಮನೆಯ ಮೇಲೆ ಹಾಕುವ ಸ್ಲ್ಯಾಬಿಗೂ ನೀರಿನ ಮೇಲೆ ಹಾಕುವ ಹಾಸಿಗೂ ಸಾಮಾನು ಒಂದೇ: ಖಡಿ, ಉಸುಕು, ಸಿಮೆಂಟು, ಕಬ್ಬಿಣದ ಸಳಿ, ನೀರು. ಕೆಲಸ ಮಾತ್ರ ಬೇರೆ. ಮನೆಯ ಸ್ಲ್ಯಾಬಿನ ಕೆಳಗೆ ನೆಲವಿರುತ್ತದೆ, ಆಸರೆಯ ಕಂಬವನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಹೊಳೆಯಲ್ಲಿ ಆಸರೆ ನಿಲ್ಲಿಸುವುದೇ ದೊಡ್ಡ ಖರ್ಚಿನ ಕೆಲಸ. ನೀರಿನ ಮೇಲೆ ಅಗ್ಗವಾಗಿ, ಆದರೆ ಗಟ್ಟಿಯಾಗಿ ಹಾಸು ಕಟ್ಟುವ ಜಾಣತನವೆಲ್ಲ ಈ ಒಂದು ಅಡಚಣೆಯ ಸುತ್ತ ಬೆಳೆದಿದೆ.

ಭೀಮಾ ತೀರದ ಜನ ಇದಕ್ಕೆ ಕಂಡುಕೊಂಡ ಒಂದು ದಾರಿ ಬ್ಯಾರೇಜು. ಇಂಡಿ ಭಾಗದ ಹಿಂಗಣಿಯಿಂದ ಹಿಡಿದು ಕೆಳಗೆ ಸೊನ್ನ, ಘತ್ತರಗಿ, ದೇವಲ ಗಾಣಗಾಪುರದವರೆಗೆ ಹೊಳೆಗೆ ಅಡ್ಡಲಾಗಿ ಬ್ಯಾರೇಜುಗಳಿವೆ. ಸಣ್ಣವನ್ನು ನಮ್ಮ ಕಡೆ ಬಾಂದಾರ ಎಂದೇ ಕರೆಯುವುದು. ಅವುಗಳಲ್ಲಿ ಒಂದು ಮಾದರಿಗೆ ಕೊಲ್ಹಾಪುರ ಬಾಂದಾರ ಎಂದು ಹೆಸರು. ಹೊಳೆಯುದ್ದಕ್ಕೂ ಒತ್ತೊತ್ತಾಗಿ ಕಂಬಗಳು, ಕಂಬಕಂಬದ ನಡುವೆ ಕಿಂಡಿ, ಕಂಬದ ಮಗ್ಗುಲಲ್ಲಿ ಉದ್ದಕ್ಕೆ ತೋಡು. ಮಳೆಗಾಲ ಮುಗಿದ ಮೇಲೆ ಆ ತೋಡಿನಲ್ಲಿ ಹಲಗೆಯಂಥ ಗೇಟುಗಳನ್ನು ಒಂದರ ಮೇಲೊಂದು ಇಳಿಸಿ ನೀರು ತಡೆಯುತ್ತಾರೆ. ಮುಂದಿನ ಮುಂಗಾರಿಗೆ ಮೊದಲು ಅವನ್ನು ಎತ್ತಿಬಿಡುತ್ತಾರೆ, ಹೊಳೆ ತನ್ನ ಪಾಡಿಗೆ ಹರಿಯುತ್ತದೆ. ಗೇಟು ಇಳಿಸಲು, ಎತ್ತಲು ಕಂಬಗಳ ಮೇಲೆ ಜನ ಓಡಾಡುವ ಜಾಗ ಬೇಕೇ ಬೇಕು. ಆ ಜಾಗವನ್ನು ಇನ್ನಷ್ಟು ಅಗಲ ಮಾಡಿದರೆ ಬಂಡಿ, ಟ್ರ್ಯಾಕ್ಟರು ದಾಟುವ ಸೇತುವೆಯೇ ಆಗುತ್ತದೆ. ‘ಬ್ರಿಜ್ ಕಂ ಬ್ಯಾರೇಜ್’ ಎಂದು ಊರವರೂ ಪತ್ರಿಕೆಯವರೂ ಹೇಳುವುದು ಇದನ್ನೇ.

ಇಲ್ಲಿ ಲೆಕ್ಕವೊಂದು ಹಾಸಿನ ಪರವಾಗಿ ನಿಲ್ಲುತ್ತದೆ. ಎರಡು ಕಂಬಗಳ ನಡುವಿನ ಅಂತರ ಇಮ್ಮಡಿಯಾದರೆ ಹಾಸಿನ ಬಾಗುವ ಒತ್ತಡ ಇಮ್ಮಡಿಯಲ್ಲ, ನಾಲ್ಕುಪಟ್ಟು ಏರುತ್ತದೆ. ಅಂತರ ಅರ್ಧವಾದರೆ ಒತ್ತಡ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಕಿಂಡಿ ಕಿರಿದಾದ ಬಾಂದಾರದ ಮೇಲೆ ತೆಳುವಾದ, ತೊಲೆಗಳಿಲ್ಲದ ಸಾದಾ ಚಪ್ಪಟೆ ಹಾಸು ಸಾಕಾಗುವುದು ಇದರಿಂದಲೇ. ನೀರಿಗಾಗಿ ಕಟ್ಟಿದ ಕಂಬ ದಾರಿಗೂ ಆಯಿತು. ಹಾಸಿನ ಪಾಲಿಗೆ ಕಂಬದ ಖರ್ಚೇ ಬರಲಿಲ್ಲ.

ಕೆಲಸಕ್ಕೆ ಕಾಲ ನೋಡಬೇಕು. ಮಳೆಗಾಲದ ನೀರು ಇಳಿದು, ಪಾತ್ರದಲ್ಲಿ ಉಸುಕಿನ ದಿಬ್ಬಗಳು ಕಾಣಿಸಿಕೊಂಡ ಮೇಲೆ ಸೆಂಟ್ರಿಂಗ್ ಶುರು. ಸೆಂಟ್ರಿಂಗ್ ಎಂದರೆ ಹಸಿ ಕಾಂಕ್ರೀಟನ್ನು ಗಟ್ಟಿಯಾಗುವವರೆಗೆ ಹೊತ್ತುಕೊಂಡಿರುವ ತಾತ್ಕಾಲಿಕ ಅಟ್ಟ. ಉಕ್ಕಿನ ತಗಡಿನ ಹಲಗೆಗಳು ಮೇಲೆ, ಕೊಳವೆಯ ಕಂಬಗಳು ಕೆಳಗೆ. ನೋಡುವವರಿಗೆ ಇದು ಪೂರ್ವಸಿದ್ಧತೆಯಂತೆ ಕಾಣುತ್ತದೆ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಹೆಚ್ಚು ಎಚ್ಚರ ಬೇಡುವ ಹಂತ ಇದೇ. ಒಂದು ಘನ ಮೀಟರ್ ಕಾಂಕ್ರೀಟು ಸುಮಾರು 2,500 ಕಿಲೋ ತೂಗುತ್ತದೆ. ಹಾಸು 25 ಸೆಂಟಿಮೀಟರ್ ದಪ್ಪವಿದ್ದರೆ ಒಂದು ಚದರ ಮೀಟರಿಗೆ 625 ಕಿಲೋ. ಅದನ್ನು ಹೊರುವ ಕಂಬದ ಕಾಲು ಊರಿರುವುದು ಉಸುಕಿನ ಮೇಲೆ. ಮಾಲು, ಅಂದರೆ ಕಲಸಿದ ಹಸಿ ಕಾಂಕ್ರೀಟು, ಸುರಿಯುವಾಗ ಒಂದು ಕಾಲು ಎರಡು ಬೆರಳು ಕುಸಿದರೂ ಹಾಸಿನ ತಳ ಅಲ್ಲಿ ಜೋತು ಬೀಳುತ್ತದೆ, ಆ ಜೋಲು ಎಂದೆಂದಿಗೂ ಉಳಿಯುತ್ತದೆ. ಹಾಗಾಗಿ ಪ್ರತಿ ಕಾಲಿನ ಕೆಳಗೆ ದಪ್ಪ ಹಲಗೆ ಕೊಟ್ಟು ಭಾರ ಹಂಚುತ್ತಾರೆ, ಕಂಬಗಳನ್ನು ಅಡ್ಡಲಾಗಿ ಬಿಗಿದು ಕಟ್ಟುತ್ತಾರೆ. ಮಟ್ಟ ನೋಡಲು ದುರ್ಬೀನಿನ ಯಂತ್ರವಿದ್ದರೂ ನೀರು ತುಂಬಿದ ಪಾರದರ್ಶಕ ನಳಿಕೆಯನ್ನು ಹಿಡಿದು ಇನ್ನೊಮ್ಮೆ ನೋಡುವ ಗೌಂಡಿಗಳಿದ್ದಾರೆ. ಮಟ್ಟದ ವಿಷಯದಲ್ಲಿ ನೀರು ಸುಳ್ಳು ಹೇಳುವುದಿಲ್ಲ.

ಹೊಳೆ ಒಣಗದ ಕಡೆ ಏನು ಮಾಡುವುದು? ಆಲಮಟ್ಟಿ ಹಿನ್ನೀರು ನಿಂತ ಕೊಲ್ಹಾರದಂಥ ಜಾಗದಲ್ಲಿ ಬೇಸಿಗೆಗಾಗಿ ಕಾದು ಪ್ರಯೋಜನವಿಲ್ಲ. ಆಗ ಕೆಲಸವನ್ನು ದಂಡೆಗೆ ತರುತ್ತಾರೆ. ತೊಲೆಗಳನ್ನು ನೆಲದ ಮೇಲೇ ಎರಕ ಹೊಯ್ದು, ಬಲಿತ ಮೇಲೆ ಕ್ರೇನಿನಿಂದ ಎತ್ತಿ ಕಂಬಗಳ ಮೇಲೆ ಕೂರಿಸುವುದು ಮೊದಲ ಹೆಜ್ಜೆ. ಆಮೇಲೆ ತೊಲೆಯಿಂದ ತೊಲೆಗೆ ಅಡ್ಡಲಾಗಿ, ಅದೇ ರೀತಿ ದಂಡೆಯಲ್ಲಿ ಎರೆದ ತೆಳು ಕಾಂಕ್ರೀಟ್ ಹಲಗೆಗಳನ್ನು ಜೋಡಿಸುತ್ತಾರೆ, ಮಾಳಿಗೆ ಮನೆಯ ಜಂತಿಗಳ ಮೇಲೆ ಹಲಗೆ ಹೊಂದಿಸಿದ ಹಾಗೆ. ಹಲಗೆಯ ಮೇಲ್ಮೈಯನ್ನು ಬೇಕೆಂದೇ ಒರಟಾಗಿ ಬಿಟ್ಟಿರುತ್ತಾರೆ, ಸಳಿಯ ಕುಣಿಕೆಗಳು ಅದರಿಂದ ಮೇಲೆ ಚಾಚಿರುತ್ತವೆ. ಅದರ ಮೇಲೆ ಉಳಿದ ಸಳಿ ಹರಡಿ ಹೊಸ ಕಾಂಕ್ರೀಟು ಸುರಿದರೆ ಹಳೆಯದು, ಹೊಸದು ಎರಡೂ ಕಚ್ಚಿಕೊಂಡು ಒಂದೇ ಕಲ್ಲಾಗುತ್ತವೆ. ಹಲಗೆಯೇ ಅಚ್ಚು, ಹಲಗೆಯೇ ಹಾಸಿನ ಪಾಲು. ನೀರಿನೊಳಗೆ ಒಂದು ಆಸರೆಯನ್ನೂ ಊರಬೇಕಿಲ್ಲ, ಆಮೇಲೆ ದೋಣಿಯಲ್ಲಿ ಹೋಗಿ ತಗಡು ಬಿಚ್ಚಬೇಕಿಲ್ಲ. ಬಂದರುಗಳ ಧಕ್ಕೆ ಕಟ್ಟುವವರು ಬಹುಕಾಲದಿಂದ ನೆಚ್ಚಿದ ವಿಧಾನವಿದು. ಉಬ್ಬರವಿಳಿತಗಳ ನಡುವೆ ಕೆಲವೇ ತಾಸು ಸಿಗುವ ಕಡಲಿನಲ್ಲಿ ಬೇರೆ ದಾರಿ ಕಡಿಮೆ.

ಅಟ್ಟ ಸಿದ್ಧವಾದ ಮೇಲೆ ಸಳಿ ಕಟ್ಟುವವರ ಸರದಿ. ತಗಡಿನ ಮೇಲೆ ಸುಣ್ಣದ ಗೆರೆ ಎಳೆದುಕೊಂಡು, ಗೆರೆಯ ಮೇಲೆ ಸಳಿ ಇಟ್ಟು, ಎರಡು ಸಳಿ ಕೂಡುವಲ್ಲಿ ತೆಳು ತಂತಿ ಸುತ್ತಿ ಕೊಕ್ಕೆಯಿಂದ ತಿರುವಿ ಬಿಗಿಯುತ್ತಾರೆ. ನುರಿತವರ ಕೈಯಲ್ಲಿ ಒಂದು ಗಂಟಿಗೆ ಒಂದೆರಡು ಉಸಿರಿನ ಹೊತ್ತು ಸಾಕು. ಬೆನ್ನು ಬಗ್ಗಿದ್ದು ಮಾತ್ರ ಸಂಜೆಯವರೆಗೆ ನೆಟ್ಟಗಾಗುವುದಿಲ್ಲ. ಕಂಬಗಳ ನಡುವೆ ಹಾಸು ಕೆಳಕ್ಕೆ ಬಾಗುತ್ತದೆ, ಆದ್ದರಿಂದ ಅಲ್ಲಿ ಸಳಿ ತಳದಲ್ಲಿರಬೇಕು. ಒಂದೇ ಹಾಸು ಕಂಬದ ಮೇಲಿಂದ ಆಚೆಗೂ ಮುಂದುವರಿದಿದ್ದರೆ ಅಲ್ಲಿ ಬಾಗು ತಿರುವುಮುರುವು, ಸಳಿ ಮೇಲೆ ಬರಬೇಕು. ಮೇಲಿನ ಜಾಲರಿ ಕುಸಿಯದಂತೆ ಸಳಿಯನ್ನೇ ಬಾಗಿಸಿ ಮಾಡಿದ ಆಸರೆಗಳನ್ನು ಅಲ್ಲಲ್ಲಿ ನಿಲ್ಲಿಸುತ್ತಾರೆ. ಅವಕ್ಕೆ ಕೆಲಸದವರು ಇಟ್ಟ ಹೆಸರು ‘ಚೇರು’.

ಇಷ್ಟೆಲ್ಲದರ ನಡುವೆ ಕಣ್ಣಿಗೆ ಬೀಳದ ಒಂದು ಸಣ್ಣ ಸಾಮಾನಿದೆ: ಕವರ್ ಬ್ಲಾಕು. ಕಾಂಕ್ರೀಟಿನಿಂದಲೇ ಮಾಡಿದ ಪುಟ್ಟ ಬಿಲ್ಲೆ. ಅದನ್ನು ತಗಡಿಗೂ ಸಳಿಗೂ ನಡುವೆ ಇಟ್ಟರೆ ಸಳಿ ಅಷ್ಟು ಮೇಲೆ ನಿಲ್ಲುತ್ತದೆ, ಕೆಳಗೆ ಕಾಂಕ್ರೀಟು ತುಂಬಿಕೊಂಡು ಸಳಿಗೆ ಮರೆಯಾಗುತ್ತದೆ. ಹಾಸಿನ ಆಯುಸ್ಸು ನಿಂತಿರುವುದು ಈ ಮರೆಯ ಮೇಲೆ. ಒಳ್ಳೆಯ ಕಾಂಕ್ರೀಟಿನೊಳಗೆ ಸುಣ್ಣದ ಅಂಶ ಹೇರಳವಾಗಿರುತ್ತದೆ. ಆ ಕ್ಷಾರದಲ್ಲಿ ಕಬ್ಬಿಣದ ಮೈಮೇಲೆ ತೆಳುವಾದ ರಕ್ಷಣೆಯ ಪೊರೆ ಬೆಳೆದು ತುಕ್ಕು ಹತ್ತುವುದಿಲ್ಲ. ಗಾಳಿಯ ಇಂಗಾಲಾಮ್ಲವೋ ನೀರಿನ ಉಪ್ಪೋ ಇಷ್ಟಿಷ್ಟಾಗಿ ಒಳಗೆ ಇಳಿದು ಸಳಿಯನ್ನು ಮುಟ್ಟಿದ ದಿನ ಪೊರೆ ಹರಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಉಬ್ಬಿದ ತುಕ್ಕು ಒಳಗಿನಿಂದ ಕಾಂಕ್ರೀಟನ್ನು ಸೀಳಿ ಚಕ್ಕೆ ಉದುರಿಸುತ್ತದೆ.

ಭಾರತೀಯ ಮಾನಕ ಐಎಸ್ 456 ಪರಿಸರವನ್ನು ಐದು ದರ್ಜೆ ಮಾಡಿ, ಒಂದೊಂದಕ್ಕೂ ಮರೆ ಎಷ್ಟಿರಬೇಕೆಂದು ಹೇಳುತ್ತದೆ. ಸೌಮ್ಯವಾದ ಜಾಗಕ್ಕೆ 20 ಮಿಲಿಮೀಟರ್ ಸಾಕು. ಕಡಲ ನೀರಿನ ತುಂತುರು ಬಡಿಯುವಲ್ಲಿ 50. ಉಬ್ಬರವಿಳಿತದಲ್ಲಿ ನೆನೆದು ಒಣಗಿ ಮತ್ತೆ ನೆನೆಯುವ ಭಾಗಕ್ಕೆ 75, ಅಂದರೆ ಮೂರು ಇಂಚು. ಸದಾ ನೀರಿನಲ್ಲಿ ಮುಳುಗಿರುವ ಭಾಗಕ್ಕಿಂತ ನೆನೆದು ಒಣಗುವ ಭಾಗಕ್ಕೇ ಕಾಟ ಹೆಚ್ಚು, ಏಕೆಂದರೆ ತುಕ್ಕಿಗೆ ನೀರೂ ಬೇಕು, ಗಾಳಿಯೂ ಬೇಕು. ಬಿಲ್ಲೆ ಮುಗಿದು ಹೋಯಿತೆಂದು ಖಡಿಯ ಚೂರನ್ನೋ ಇಟ್ಟಂಗಿ ತುಂಡನ್ನೋ ಸಳಿಯ ಕೆಳಗೆ ತುರುಕುವುದನ್ನು ಅನೇಕ ಕಡೆ ಕಾಣಬಹುದು. ಉಳಿಯುವುದು ಪುಡಿಗಾಸು; ಹತ್ತಾರು ವರ್ಷದ ಆಯುಸ್ಸು ಅಲ್ಲಿ ಸೋರುತ್ತದೆ.

ಇನ್ನು ಮಾಲು. ಖಡಿಯ ವಿಷಯದಲ್ಲಿ ಸಿಂದಗಿ ಸೀಮೆ ಪುಣ್ಯ ಮಾಡಿದೆ. ಇಲ್ಲಿನ ಎರೆಮಣ್ಣಿನ ಕೆಳಗೆ ಲಾವಾರಸ ಹೆಪ್ಪುಗಟ್ಟಿ ಆದ ದಖನ್ನಿನ ಕರಿಕಲ್ಲು ಹಾಸಿಕೊಂಡಿದೆ; ಒಡೆದರೆ ಬಿಗಿಯಾದ, ಭಾರವಾದ ಖಡಿ. ನೀರಿನ ವಿಷಯದಲ್ಲಿ ಅಷ್ಟು ಪುಣ್ಯವಿಲ್ಲ. ಎರೆಭೂಮಿಯ ಎಷ್ಟೋ ಕೊಳವೆಬಾವಿಗಳದು ಸವಳು ನೀರು. ಸಳಿ ಹಾಕಿದ ಕಾಂಕ್ರೀಟು ಕಲಸುವ ನೀರಿನಲ್ಲಿ ಕ್ಲೋರೈಡು ಲೀಟರಿಗೆ 500 ಮಿಲಿಗ್ರಾಂ ಮೀರಬಾರದು ಎಂದು ಮಾನಕ ಹೇಳುತ್ತದೆ. ಉಪ್ಪು ಹೊರಗಿನಿಂದ ಬರುವುದನ್ನು ತಡೆಯಲು ಮೂರು ಇಂಚು ಮರೆ ಕೊಟ್ಟು, ಉಪ್ಪುನೀರಿನಲ್ಲೇ ಮಾಲು ಕಲಸಿದರೆ ಕಳ್ಳನನ್ನು ಮನೆಯೊಳಗೆ ಕೂಡಿಹಾಕಿ ಬೀಗ ಜಡಿದಂತೆ.

ಸಿಮೆಂಟಿನ ಖರ್ಚು ಇಳಿಸಿ, ಅದೇ ಹೊತ್ತಿಗೆ ಹಾಸನ್ನು ಗಟ್ಟಿಗೊಳಿಸುವ ಒಂದು ಉಪಾಯವಿದೆ. ಅದರ ಸಾಮಾನು ಇದೇ ಜಿಲ್ಲೆಯಲ್ಲಿ ರಾಶಿ ಬೀಳುತ್ತದೆ. ಹಳೆಯ ಬಸವನ ಬಾಗೇವಾಡಿ ತಾಲ್ಲೂಕಿನ ಕೂಡಗಿಯಲ್ಲಿ ಎನ್‌ಟಿಪಿಸಿಯ 2,400 ಮೆಗಾವಾಟ್ ಶಾಖೋತ್ಪನ್ನ ವಿದ್ಯುತ್ ಸ್ಥಾವರವಿದೆ. ಕಲ್ಲಿದ್ದಲು ಉರಿದಾಗ ಹೊಗೆಯ ಜೊತೆ ಹಾರುವ ನುಣ್ಣನೆಯ ಬೂದಿಯೇ ಹಾರುಬೂದಿ. ಸಿಮೆಂಟು ನೀರು ಕುಡಿದು ಗಟ್ಟಿಯಾಗುವಾಗ ಸ್ವಲ್ಪ ಸುಣ್ಣ ಬಿಡುಗಡೆಯಾಗಿ ಸುಮ್ಮನೆ ಉಳಿಯುತ್ತದೆ. ಹಾರುಬೂದಿ ಆ ಸುಣ್ಣದೊಂದಿಗೆ ನಿಧಾನವಾಗಿ ಕೂಡಿ ಮತ್ತಷ್ಟು ಅಂಟನ್ನು ಹುಟ್ಟಿಸುತ್ತದೆ. ಆ ಅಂಟು ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳನ್ನು ತುಂಬುತ್ತದೆ, ನೀರು ಮತ್ತು ಉಪ್ಪಿನ ದಾರಿ ಕಿರಿದಾಗುತ್ತದೆ. ಪೇಟೆಯಲ್ಲಿ ಪಿಪಿಸಿ ಎಂದು ಸಿಗುವ ಸಿಮೆಂಟಿನಲ್ಲಿ ನೂರಕ್ಕೆ 15ರಿಂದ 35 ಪಾಲು ಹಾರುಬೂದಿ ಇರಬಹುದು. ಉಕ್ಕಿನ ಕುಲುಮೆಯ ಗಸಿ, ಅಂದರೆ ಸ್ಲ್ಯಾಗು, ಬೆರೆತ ಸಿಮೆಂಟೂ ಇದೆ; ಕಡಲ ಕೆಲಸದಲ್ಲಿ ಅದಕ್ಕೆ ವಿಶೇಷ ಮರ್ಯಾದೆ.

ಉಪಾಯ ಹೊಸದಲ್ಲ. ಇಟಲಿಯ ಪೊತ್ಸುವೊಲಿ ಊರಿನ ಜ್ವಾಲಾಮುಖಿ ಬೂದಿಯನ್ನು ಸುಣ್ಣಕ್ಕೆ ಬೆರೆಸಿ ರೋಮನ್ನರು ಕಟ್ಟಿದ ಬಂದರುಗೋಡೆಗಳ ಭಾಗಗಳು ಎರಡು ಸಾವಿರ ವರ್ಷದ ಮೇಲೂ ಸಮುದ್ರದಲ್ಲಿವೆ. ನಮ್ಮಲ್ಲಿ ಸುಟ್ಟ ಇಟ್ಟಂಗಿಯ ಪುಡಿಯನ್ನು ಸುಣ್ಣಕ್ಕೆ ಬೆರೆಸಿ ಸುರ್ಕಿ ಮಾಡುತ್ತಿದ್ದರು. ಕನ್ನಂಬಾಡಿ ಕಟ್ಟೆ ಎದ್ದದ್ದು ಸುರ್ಕಿ ಗಾರೆಯಿಂದ.

ಕಾಂಕ್ರೀಟು ಹಾಕುವ ದಿನ ಮಿಕ್ಸರಿಗೆ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆಯುತ್ತಾರೆ. ದಿನ ಎಂದೆ, ಬೇಸಿಗೆಯಲ್ಲಿ ಅದು ರಾತ್ರಿಯೇ ಆಗಿರುವುದು ಲೇಸು. ನಮ್ಮ ಕಡೆ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಬಿಸಿಲು 40 ಡಿಗ್ರಿ ದಾಟುತ್ತದೆ. ಸಳಿ, ತಗಡು ಕೈಗೆ ತಾಗದಷ್ಟು ಕಾಯುತ್ತವೆ. ಆ ಕಾವಿಗೆ ಮಾಲಿನ ನೀರು ಆರಿ ಮೇಲ್ಮೈ ಬಿರಿಯುತ್ತದೆ. ಸಂಜೆ ತಗಡಿಗೆ ನೀರು ಹೊಡೆದು ತಣಿಸಿ, ದೀಪ ಕಟ್ಟಿ ಶುರು ಮಾಡಿದರೆ ಬೆಳಗಿನ ಜಾವಕ್ಕೆ ಒಂದು ಅಂಕಣ, ಅಂದರೆ ಎರಡು ಕಂಬಗಳ ನಡುವಿನ ಹಾಸು, ಮುಗಿಯುತ್ತದೆ. ನಡುವೆ ನಿಲ್ಲಿಸುವಂತಿಲ್ಲ. ಅರ್ಧ ಗಟ್ಟಿಯಾದ ಮಾಲಿನ ಪಕ್ಕ ಹೊಸ ಮಾಲು ಬಿದ್ದರೆ ಅಲ್ಲೊಂದು ಕಾಣದ ಬಿರುಕು ಉಳಿಯುತ್ತದೆ.

ನೀರಿನ ಲೆಕ್ಕ ಬಿಗಿ. ತೂಕದಲ್ಲಿ ಸಿಮೆಂಟಿನ 0.45 ಪಾಲು ಎಂದರೆ 50 ಕಿಲೋ ಚೀಲಕ್ಕೆ ಇಪ್ಪತ್ತೆರಡೂವರೆ ಲೀಟರು. ಮಾಲು ಗಟ್ಟಿಯಾಗಿದೆ, ಎಳೆಯಲು ಬರುವುದಿಲ್ಲ ಎಂದು ಒಂದು ಕೊಡ ನೀರು ಸುರಿಯುವ ಆಸೆ ಎಲ್ಲ ಕೆಲಸದ ಜಾಗದಲ್ಲೂ ಹುಟ್ಟುತ್ತದೆ. ಹೆಚ್ಚಾದ ನೀರು ಆರಿಹೋದ ಮೇಲೆ ಬಿಟ್ಟುಹೋಗುವುದು ರಂಧ್ರಗಳನ್ನೇ. ಆ ಆಸೆಯನ್ನು ತಡೆಯಲೆಂದು ಒಂದಡಿ ಎತ್ತರದ ತಗಡಿನ ಶಂಕುವಿನಲ್ಲಿ ಮಾಲು ತುಂಬಿ, ಶಂಕು ಎತ್ತಿ, ಗುಡ್ಡೆ ಎಷ್ಟು ಕುಸಿಯಿತೆಂದು ಅಳೆಯುತ್ತಾರೆ. ಅದು ಸ್ಲಂಪ್ ಪರೀಕ್ಷೆ. ಅದೇ ಮಾಲಿನಿಂದ 15 ಸೆಂಟಿಮೀಟರಿನ ಘನಗಳನ್ನೂ ಎರೆದಿಡುತ್ತಾರೆ. ಎಂ-30 ಎಂಬ ದರ್ಜೆಯ ಕಾಂಕ್ರೀಟಾದರೆ ಅಂಗೈ ಚಾಚಿದಷ್ಟು ಉದ್ದದ ಆ ಘನ 28 ದಿನಕ್ಕೆ ಸುಮಾರು 69 ಟನ್ ಭಾರ ತಡೆಯಬೇಕು. ಭರ್ತಿ ಕಬ್ಬು ಹೇರಿದ ಟ್ರ್ಯಾಕ್ಟರು, ಅದರ ಎರಡು ಟ್ರೇಲರು, ಎಲ್ಲ ಕೂಡಿದರೂ ಅಷ್ಟು ತೂಕವಿಲ್ಲ.

ಸುರಿದ ಮಾಲಿನೊಳಗೆ ವೈಬ್ರೇಟರಿನ ಸೂಜಿ ಇಳಿಸುವವನ ಕಡೆ ನೋಡಬೇಕು. ಸೂಜಿ ನೆಟ್ಟಗೆ ಇಳಿಯಬೇಕು, ಗುಳ್ಳೆಗಳು ಮೇಲೆ ಬಂದು ನಿಲ್ಲುವವರೆಗೆ ಇರಬೇಕು, ನಿಧಾನಕ್ಕೆ ಮೇಲೆ ಬರಬೇಕು. ಬೇಗ ಎಳೆದರೆ ಒಳಗೆ ಪೊಳ್ಳು ಉಳಿಯುತ್ತದೆ. ಬಹಳ ಹೊತ್ತು ಇಟ್ಟರೆ ಖಡಿ ತಳಕ್ಕಿಳಿದು ಸಿಮೆಂಟಿನ ಹಾಲು ಮೇಲೆ ನಿಲ್ಲುತ್ತದೆ. ಗಡಿಯಾರ ನೋಡುವವರಿಲ್ಲ, ಸದ್ದು ಬದಲಾಗುವುದನ್ನು ಕಿವಿ ಹಿಡಿಯುತ್ತದೆ.

ಬೆಳಗಾದ ಮೇಲೆ ಉಳಿಯುವುದು ನೀರುಣಿಸುವ ಕೆಲಸ. ಹಾಸಿನ ಮೇಲೆ ಮಣ್ಣಿನ ಬದು ಕಟ್ಟಿ, ಹೊಲದ ಮಡಿಯಂತೆ ನೀರು ನಿಲ್ಲಿಸುತ್ತಾರೆ. ಅಂಚಿಗೆ ಗೋಣಿತಟ್ಟು ಹೊದಿಸಿ ತೋಯಿಸುತ್ತಾರೆ. ಹಾರುಬೂದಿಯ ಸಿಮೆಂಟಿಗೆ, ಒಣಬಿಸಿಲಿನ ನಾಡಿನಲ್ಲಿ, 14 ದಿನಕ್ಕೆ ಕಡಿಮೆಯಿಲ್ಲದಂತೆ ನೀರು ಬೇಕು. ಬೂದಿ ನಿಧಾನದ್ದು, ಅವಸರ ಮಾಡಿದರೆ ಅದು ಬರೀ ಬೂದಿಯಾಗಿಯೇ ಉಳಿಯುತ್ತದೆ. ಅಂಕಣ ನಾಲ್ಕೂವರೆ ಮೀಟರಿಗಿಂತ ದೊಡ್ಡದಿದ್ದರೆ ಆಸರೆಯನ್ನೂ 14 ದಿನ ತೆಗೆಯುವಂತಿಲ್ಲ.

ಭೀಮೆಯ ಹಾಸುಗಳಿಗೆ ಇನ್ನೊಂದು ಪರೀಕ್ಷೆ ಕಾದಿರುತ್ತದೆ. 2020ರ ಅಕ್ಟೋಬರ್‌ನಲ್ಲಿ ಹೊಳೆ ಉಕ್ಕಿದಾಗ ಘತ್ತರಗಿ, ದೇವಲ ಗಾಣಗಾಪುರದ ಕಡೆ ಸೇತುವೆಯ ಮೇಲೆಯೇ ನೀರು ಹರಿಯಿತು. ಎಂಥ ಪ್ರವಾಹಕ್ಕೂ ಮುಳುಗದಷ್ಟು ಎತ್ತರ ಕಟ್ಟುವುದು ದುಬಾರಿ. ಎಷ್ಟೋ ಕಡೆ ಮುಳುಗುವುದನ್ನು ಒಪ್ಪಿಕೊಂಡೇ ಕಟ್ಟುತ್ತಾರೆ. ನೀರಿನಲ್ಲಿ ಮುಳುಗಿದ ಹಾಸು ಹಗುರವಾಗುತ್ತದೆ: ದಂಡೆಯಲ್ಲಿ 2,500 ಕಿಲೋ ಇದ್ದ ಘನ ಮೀಟರು ನೀರಿನಲ್ಲಿ 1,500 ಕಿಲೋದಂತೆ ವರ್ತಿಸುತ್ತದೆ. ತೊಲೆಗಳ ನಡುವಿನ ಗೂಡಿನಲ್ಲಿ ಗಾಳಿ ಸಿಕ್ಕಿಕೊಂಡರೆ ಅದು ಹಾಸನ್ನು ಇನ್ನಷ್ಟು ಮೇಲೆತ್ತುತ್ತದೆ, ಬೋರಲು ಹಾಕಿದ ಬಿಂದಿಗೆ ತೇಲುವ ಹಾಗೆ. ಅದಕ್ಕೆ ಹಾಸಿನಲ್ಲಿ ಗಾಳಿ ಹೋಗಲು ತೂತು ಬಿಡುತ್ತಾರೆ, ಹಾಸು ಜಾರದಂತೆ ಕಂಬಕ್ಕೆ ಸಳಿಯಿಂದ ಬಂಧಿಸುತ್ತಾರೆ. ಕಟಕಟೆಯನ್ನು ಕಳಚುವಂತೆ ಮಾಡುತ್ತಾರೆ, ಇಲ್ಲದಿದ್ದರೆ ತೇಲಿಬಂದ ಜಾಲಿಗಿಡ, ಕಬ್ಬಿನ ರವದಿ ಅದಕ್ಕೆ ಸಿಕ್ಕಿ ಒಡ್ಡಾಗುತ್ತದೆ. ತೊಲೆಯಿಲ್ಲದ ಬಾಂದಾರದ ಚಪ್ಪಟೆ ಹಾಸಿಗೆ ಗಾಳಿಗೂಡಿನ ತೊಂದರೆಯೇ ಇಲ್ಲ. ಬಡವನ ಹಾಸು ಇಲ್ಲಿ ಗೆಲ್ಲುತ್ತದೆ.

ಬಸ್ಸಿನ ಗಾಲಿಗೆ ಟಕ್ ಎನ್ನುವ ಸಂದು ಕೂಡ ಲೆಕ್ಕದ್ದೇ. 25 ಮೀಟರ್ ಉದ್ದದ ಅಂಕಣ 30 ಡಿಗ್ರಿ ಹೆಚ್ಚು ಕಾದರೆ ಸುಮಾರು ಏಳೂವರೆ ಮಿಲಿಮೀಟರ್ ಬೆಳೆಯುತ್ತದೆ. ಆ ಬೆಳವಣಿಗೆಗೆ ಜಾಗ ಬಿಡದಿದ್ದರೆ ಹಾಸು ತನ್ನನ್ನೇ ಒಡೆದುಕೊಳ್ಳುತ್ತದೆ.

ಇದೇ ಹಾಸನ್ನು ಕಾರವಾರಕ್ಕೋ ಮಂಗಳೂರಿಗೋ ಒಯ್ದರೆ ಕೈಚಳಕ ಬದಲಾಗುವುದಿಲ್ಲ. ಉಪ್ಪಿನ ಲೆಕ್ಕ ಮಾತ್ರ ಬಿಗಿಯಾಗುತ್ತದೆ. ಸಮುದ್ರದ ನೀರಿಗೆ ಸಿಗುವ ಸಳಿ ಹಾಕಿದ ಕಾಂಕ್ರೀಟು ಎಂ-30ಕ್ಕಿಂತ ಕೆಳಗಿರಬಾರದು. ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಸುಮಾರು ನಲವತ್ತು ವರ್ಷ ದುಡಿದು 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಬಿತ್ತು, ಒಂದು ಲಾರಿ ನದಿಗೆ ಬಿತ್ತು, ಚಾಲಕನನ್ನು ರಕ್ಷಿಸಿದರು. ಆ ತೀರದ ಊರುಗಳಲ್ಲಿ, ಗೋವಾದಲ್ಲಿ, ಕಾಂಕ್ರೀಟು ಹೊರುವವರ, ಸಳಿ ಕಟ್ಟುವವರ ನಡುವೆ ನಿಂತು ಕೇಳಿದರೆ ನಮ್ಮ ಕಡೆಯ ಮಾತು ಕಿವಿಗೆ ಬೀಳುತ್ತದೆ. ಸಿಂದಗಿ, ಇಂಡಿ, ಮುದ್ದೇಬಿಹಾಳದಿಂದ ಗುಳೆ ಹೋದ ಕುಟುಂಬಗಳವು. ಅಲ್ಲಿ ಅವರನ್ನು ಹೆಸರಿನಿಂದ ಕರೆಯುವುದು ಅಪರೂಪ. ಬಿಜಾಪುರದವರು ಎಂದರೆ ಮುಗಿಯಿತು.

ಈ ಬೇಸಿಗೆಯಲ್ಲಿ ಹೊಳೆಗೆ ಇಳಿದಾಗ ನಿಮ್ಮೂರ ಸೇತುವೆಯ ಹಾಸಿನ ತಳವನ್ನು ಒಮ್ಮೆ ತಲೆಯೆತ್ತಿ ನೋಡಿ. ಅಂಚಿಗೆ ಹತ್ತಿರ ಉದ್ದಕ್ಕೂ ಬೆರಳಗಲದ ಒಂದು ತೋಡು ಕಾಣುತ್ತದೆ. ಅಂಚಿನಿಂದ ಇಳಿದ ಮಳೆನೀರು ತಳಕ್ಕೆ ಅಂಟಿಕೊಂಡು ಒಳಗೆ ಹರಿಯದೆ ಅಲ್ಲಿಯೇ ತೊಟ್ಟಿಕ್ಕಲೆಂದು ಬಿಟ್ಟ ತೋಡು ಅದು. ಅದರಾಚೆಗೆ ತಳ ಒಣಗಿ ಬೂದುಬಣ್ಣಕ್ಕಿದ್ದರೆ ಹಾಸು ಕ್ಷೇಮ. ಸಳಿಯ ಗುಂಟ ಕಂದು ಗೆರೆ ಮೂಡಿದ್ದರೆ, ಚಕ್ಕೆ ಎದ್ದಿದ್ದರೆ, ಒಂದು ಚಿತ್ರ ತೆಗೆದು ಲೋಕೋಪಯೋಗಿ ಇಲಾಖೆಯ ತಾಲ್ಲೂಕು ಕಚೇರಿಗೆ ಮುಟ್ಟಿಸಿ. ಮಳೆಗಾಲಕ್ಕೆ ಮೊದಲೇ ಮುಟ್ಟಿಸಿ.